ಒಗೆಯದ ಸ್ವೆಟರ್

ಇದು ನಡೆದದ್ದೇ ಹೌದು, ಸಾಸಿವೆ ಕಾಳಷ್ಟೂ ಸುಳ್ಳಿಲ್ಲ; ಅನುಮಾನ ಇದ್ದವರು ಆ ಬೀದಿಗೆ ಹೋಗಿ ಯಾವ ಅಂಗಿಯನ್ನು ಬೇಕಾದರೂ ಕೇಳಬಹುದು. ಹದಿನಾಲ್ಕು ತಿಂಗಳು ಸಮುದ್ರದ ಮೇಲಿದ್ದು ಮನೆಗೆ ಬಂದ ಹಡಗಿನ ಅಡುಗೆಯವಳನ್ನು ಅವಳ ಸ್ವಂತ ಮನೆಯ ಗೇಟಿನಲ್ಲೇ ಒಂದು ನಾಯಿ ತಡೆದು ನಿಲ್ಲಿಸಿತು. ಬೊಗಳಲಿಲ್ಲ, ಹಲ್ಲು ತೋರಿಸಲಿಲ್ಲ, ಸುಮ್ಮನೆ ಅಡ್ಡ ನಿಂತಿತು. ಎತ್ತರದಲ್ಲಿ ಕರುವಿಗಿಂತ ಎರಡು ಬೆರಳು ಜಾಸ್ತಿ, ಉದ್ದದಲ್ಲಿ ಗೇಟಿಗಿಂತ ಎರಡು ಬೆರಳು ಕಮ್ಮಿ.

ಅವಳ ಗಂಡ, ಲಾಂಡ್ರಿಯವನು, ಮೊಣಕೈವರೆಗೆ ನೊರೆ ಮೆತ್ತಿಕೊಂಡೇ ಓಡಿಬಂದ. ಈ ಗಳಿಗೆಯನ್ನು ಅವನು ಎಷ್ಟು ಸಲ ಮನಸ್ಸಿನಲ್ಲೇ ಒಗೆದು, ಒಣಗಿಸಿ, ಮಡಿಚಿಟ್ಟುಕೊಂಡಿದ್ದನೋ! ಮೊದಲ ಮಾತು ಏನು ಆಡಬೇಕು, ಬ್ಯಾಗನ್ನು ಯಾವ ಕೈಯಿಂದ ಇಸಿದುಕೊಳ್ಳಬೇಕು, ಎಲ್ಲಾ. ಈಗ ನೋಡಿದರೆ ನಡುವೆ ಈ ಸಾಹುಕಾರ. ಎರಡು ತಿಂಗಳ ಮರಿಯಾಗಿದ್ದಾಗಲೇ ಮನೆಯೆಲ್ಲ ತನ್ನದೇ ಎಂಬಂತೆ ನಡೆಯುತ್ತಿದ್ದುದಕ್ಕೆ ಬಿದ್ದ ಹೆಸರು ಅದು.

"ನೋಡಿದೆ ಕಣೋ, ಸಾಕು," ಎಂದ. ಮರಿಯಿದ್ದಾಗಿನಿಂದ ರೂಢಿ ಮಾಡಿಸಿದ ಮಾತು. ನಾಯಿ ಏನನ್ನಾದರೂ ಕಂಡು ಎದ್ದು ನಿಂತರೆ ಗದರುವ ಹಾಗಿಲ್ಲ. ಯಜಮಾನನೂ ಹೋಗಿ ನೋಡಿ ಇಷ್ಟು ಅಂದರೆ, ತನ್ನ ಕೆಲಸ ಮುಗಿಯಿತೆಂದು ಅದು ಮಲಗಿಬಿಡುತ್ತಿತ್ತು. ಇವತ್ತು ಮಲಗಲಿಲ್ಲ. ನೀನು ಸರಿಯಾಗಿ ನೋಡಿಲ್ಲ ಎಂಬಂತೆ ಯಜಮಾನನ ಮುಖ ನೋಡಿತು.

"ಯಾರ್ರೀ ಇವ್ನು?" ಎಂದಳು ಹೆಂಡತಿ.

"ಫೋನಲ್ಲಿ ಹೇಳಿದ್ನಲ್ಲೇ, ಪುಟ್ಟ ಮರಿ ಅಂತ."

"ಪುಟ್ಟ ಮರೀನಾ? ನನ್ನ ಹಡಗಿಗಿಂತ ಒಂಚೂರು ಚಿಕ್ಕದು, ಅಷ್ಟೇ!"

ನಕ್ಕಳು, ಆದರೆ ಬ್ಯಾಗು ಕೆಳಗಿಡಲಿಲ್ಲ. ಬೇರೆಯವರ ಮನೆ ಮುಂದೆ ನಿಂತವರು ಇಡುವುದಿಲ್ಲವಲ್ಲ, ಹಾಗೆ.

ಮರಿ ಕೊಟ್ಟವನು ಕಂಬಳಿ ಒಗೆಸಲು ಬಂದಿದ್ದ ಒಬ್ಬ ಕುರಿಗಾಹಿ. "ಕುರಿ ಕಾಯೋ ಜಾತಿ ಇದು. ದಿನಾ ಎರಡು ಹೊತ್ತು ಮನೆ ಸುತ್ತ ನಡೆಸು, ಬಂದೋರ ಕೈಲೆಲ್ಲ ಮೈ ಸವರಿಸು. ನಾಲ್ಕು ತಿಂಗಳೊಳಗೆ ಯಾರ ವಾಸನೆ ಹತ್ತುತ್ತೋ ಅವರೇ ಇದರ ಮಂದೆ. ದೂರ ಇರೋರು ಯಾರಾದ್ರೂ ಇದ್ರೆ ಅವರು ತೊಟ್ಟು ಬಿಟ್ಟ ಬಟ್ಟೆ ಇದರ ಹಾಸಿಗೆಗೆ ಹಾಕು. ಒಗೆದುಗಿಗೆದೀಯ ಮತ್ತೆ!" ಎಂದಿದ್ದ.

ಮರಿಗೆ ಅಂಜಿಕೆ ಎನ್ನುವುದೇ ಗೊತ್ತಿರಲಿಲ್ಲ. ಒಗೆಯುವ ಯಂತ್ರ ಗಡಗಡ ಕುಣಿದರೆ ಅದಕ್ಕೇ ಬೆನ್ನು ಕೊಟ್ಟು ಗೊರಕೆ ಹೊಡೆಯುತ್ತಿತ್ತು. ಬೀದಿಯವರ ಬಟ್ಟೆಯೆಲ್ಲ ಅಲ್ಲೇ ಒಗೆಯುತ್ತಿದ್ದರಿಂದ ಎಲ್ಲರ ಮೈಮೇಲೂ ಒಂದೇ ಸಾಬೂನು. ಹಾಗಾಗಿ ಇಡೀ ಬೀದಿಯೇ ಅದರ ಮಂದೆಯಾಯಿತು. ಸಂಜೆಯಾದರೆ ಬೇಕರಿಯವನನ್ನೂ ಮೇಷ್ಟರನ್ನೂ ಹಿಂದಿನಿಂದ ನೂಕಿ ನೂಕಿ ಅವರವರ ಮನೆ ಸೇರಿಸಿ ಬರುತ್ತಿತ್ತು. ಪೋಸ್ಟ್‌ಮ್ಯಾನ್ ಒಂದು ದಿನ ಅಂಗಿಯನ್ನು ತಾನೇ ಒಗೆದು ಹಾಕಿಕೊಂಡು ಬಂದ. ಪಾಪ, ಮಧ್ಯಾಹ್ನದವರೆಗೂ ಗೇಟಿನಾಚೆಯೇ ನಿಂತಿದ್ದ.

ಇವತ್ತು ಗೇಟಿನಲ್ಲಿ ಇದೆಲ್ಲ ನಡೆಯುತ್ತಿರುವಾಗ, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಅವನ ಅತ್ತೆ ಇಸ್ತ್ರಿಪೆಟ್ಟಿಗೆ ಕೈಯಲ್ಲಿ ಹಿಡಿದೇ ಹೊರಗೆ ಬಂದರು. "ಏನು ಅಳಿಯಂದ್ರೇ, ನನ್ನ ಮಗಳ ಬಟ್ಟೆ ಮರಿಗೆ ಹಾಸೋಕೆ ಹೇಳಿದ್ನಲ್ಲ ಆ ಕುರಿಯವ್ನು. ಹಾಸಿದ್ರೋ ಇಲ್ವೋ?"

"ಹಾಸಿದ್ನಲ್ಲ ಅತ್ತೆ, ಶಾಲು..."

"ಒಗೆದ ಶಾಲು! ನಾನೇ ಇಸ್ತ್ರಿ ಮಾಡಿದ್ದು ಅದನ್ನ! ಹೋಗೋ ದಿನ ಮಂಚದ ಮೇಲೆ ಬಿಸಾಕಿ ಹೋಗಿದ್ಳಲ್ಲ ಹಸಿರು ಸ್ವೆಟರ್, ಅದೆಲ್ಲಿ? ಒಗೆಯೋಕೂ ಬರ್ಲಿಲ್ಲ, ಇಸ್ತ್ರಿಗೂ ಬರ್ಲಿಲ್ಲ."

ಲಾಂಡ್ರಿಯವನ ಕಿವಿ ಕೆಂಪಗಾಯಿತು. ಒಳಗೆ ಹೋಗಿ ದಿಂಬಿನ ಅಡಿಯಿಂದ ಸ್ವೆಟರ್ ತಂದ. ಇಡೀ ಬೀದಿಯ ಕೊಳೆ ತೆಗೆಯುವ ಆ ಮನೆಯಲ್ಲಿ ಹದಿನಾಲ್ಕು ತಿಂಗಳು ನೀರು ಕಾಣದ ಬಟ್ಟೆ ಅದೊಂದೇ. ಮರಿಗೆ ಹಾಸಲೆಂದು ಎರಡು ಸಲ ತೆಗೆದುಕೊಂಡು ಹೋಗಿದ್ದ. ಎರಡು ಸಲವೂ ಮೂಗಿಗೆ ಒತ್ತಿಕೊಂಡು ವಾಪಸು ತಂದಿದ್ದ. ಮರಿಯೇ ವಾಸನೆಯೆಲ್ಲಾ ಹೀರಿಬಿಟ್ಟರೆ ತನಗೇನು ಉಳಿದೀತು ಅಂತ.

ಈಗ ಅದನ್ನೇ ಸಾಹುಕಾರನ ಮೂಗಿಗೆ ಹಿಡಿದ. ನಾಯಿ ಕೊರಳಿನಿಂದ ಅಂಚಿನವರೆಗೆ ಮೂಸಿ ಬಾಲ ಅಲ್ಲಾಡಿಸಿತು.

"ನೋಡು ನೋಡು, ಗುರುತು ಸಿಕ್ತು ನಿಂದು!" ಎಂದು ಕುಣಿದಾಡಿ, ಗೇಟಿನ ಮೇಲಿಂದ ಸ್ವೆಟರನ್ನು ಅವಳಿಗೆ ಕೊಟ್ಟ. ಅವಳು ತೊಟ್ಟಳು. ಸಾಹುಕಾರ ದಾರಿ ಬಿಟ್ಟಿತು. ಬಿಟ್ಟಿದ್ದಷ್ಟೇ ಅಲ್ಲ, ಒಳಗೆ ಬಂದವಳ ಕಾಲಿಗೆ ಮೈಭಾರವನ್ನೆಲ್ಲ ಹಾಕಿ ಒರಗಿತು.

ಅವಳು ಸ್ವೆಟರಿನ ತೋಳನ್ನು ಮೂಗಿನ ಹತ್ತಿರ ತಂದಳು. "ಏನ್ರೀ, ಇದ್ರಲ್ಲಿ ನಾನೆಲ್ಲಿದೀನಿ? ಮೂಸಿ ನೋಡಿ. ಬರೀ ನೀವೇ."

ಅವನು ಮೂಸಿದ. ಹೌದು. ಅವಳು ಯಾವತ್ತೋ ಅದರಿಂದ ಖಾಲಿಯಾಗಿದ್ದಳು. ಅಷ್ಟು ತಿಂಗಳು ತನ್ನನ್ನೇ ತಾನು ಮೂಸಿಕೊಂಡು, ಅವಳೆಂದುಕೊಂಡು ಮಲಗಿದ್ದ.

ರಜೆ ಇದ್ದದ್ದು ಹತ್ತೇ ದಿನ. ಹಬೆ ಮನೆಯ ಸೆಕೆಯಲ್ಲೂ ಅವಳು ಆ ಸ್ವೆಟರ್ ಬಿಚ್ಚಲಿಲ್ಲ. ಹನ್ನೊಂದನೆಯ ಬೆಳಿಗ್ಗೆ ಗೇಟಿನಲ್ಲಿ ಬಿಚ್ಚಿ ಅವನ ಕೈಗಿಟ್ಟಳು. "ಈ ಸಲ ಒಬ್ರೇ ಬಚ್ಚಿಟ್ಕೋಬೇಡಿ. ಇಬ್ರೂ ಹಂಚ್ಕೊಳ್ಳಿ." ಸಾಹುಕಾರ ಬೀದಿಯ ತುದಿಯವರೆಗೂ ಹೋಗಿ, ಅವಳ ಮುಂದೆ ನಿಂತು, ತಲೆಯಿಂದ ಅವಳನ್ನು ಮನೆ ಕಡೆಗೆ ನೂಕಿತು, ಮತ್ತೆ ನೂಕಿತು. ಲಾಂಡ್ರಿಯವನು ಗೇಟು ಹಿಡಿದು ನಿಂತಿದ್ದ. "ನೋಡಿದೆ, ಸಾಕು" ಅಂತ ಅವನು ಅನ್ನಲೇ ಇಲ್ಲ.

ನಂಬಿಕೆ ಬರಲಿಲ್ಲವೇ? ಹಾಗಾದರೆ ಮೈಮೇಲಿನ ಅಂಗಿ ಬಿಚ್ಚಿ ಇಲ್ಲಿ ಕೊಡಿ. ಸಾಹುಕಾರನ ಮುಂದೆ ಹಿಡಿದು, ನೀವು ಯಾರ ಮನೆಯವರು ಅಂತ ಈಗಲೇ ಕೇಳಿಬಿಡೋಣ.