ಮೂಸದ ಮಲ್ಲಿಗೆ

ನಮ್ಮ ವೃದ್ಧಾಶ್ರಮದಲ್ಲಿ ಪ್ರತಿಯೊಬ್ಬರಿಂದಲೂ ಅವರವರ ಕಣ್ಣೀರೆರೆಸಿ ಒಂದೊಂದು ಗಿಡ ನೆಡಿಸುತ್ತಾರೆ. ಅದರ ಹೂವನ್ನು ಮೂಸಿದರೆ ದುಃಖ ಹೋಗುತ್ತದೆ. ಯಾರಿಗಾಗಿ ಅತ್ತೆವೋ ಅವರ ನೆನಪೂ ಹೋಗುತ್ತದೆ. ಪಕ್ಕದ ಪಾತಿಯ ತಿಪ್ಪಣ್ಣ ನಿನ್ನೆ ಮೂಸಿದ. ರಾತ್ರಿಯೆಲ್ಲ ಗೊರಕೆ ಹೊಡೆದು, ಬೆಳಿಗ್ಗೆ ಸತ್ತ ತಮ್ಮನ ಪಟ ತೋರಿಸಿ, "ಯಾರಯ್ಯ ಇವನು? ನನ್ನ ಹಾಗೇ ಇದ್ದಾನೆ!" ಎಂದು ನಕ್ಕ.

ನನ್ನ ಮಲ್ಲಿಗೆ ಇವತ್ತೂ ಅರಳಿತ್ತು. ನಮ್ಮನ್ನು ನೋಡಿಕೊಳ್ಳುವ ರೋಸಮ್ಮ ಬಂದಳು.

"ಅಜ್ಜಾ, ಇವತ್ತಾದರೂ ಮೂಸಿ. ಕಣ್ಣು ನೋಡಿ, ಹೇಗೆ ಗುಳಿ ಬಿದ್ದಿವೆ."

"ಮೂಸಿದ ಹೂವು ದೇವರಿಗೆ ಆಗುವುದಿಲ್ಲ, ತಾಯಿ."

"ದಿನವೂ ಇದೇ ನೆಪ! ಸರಿ, ಮೊದಲು ದೇವರಿಗೆ ಏರಿಸಿ. ಆಮೇಲೆ ಪ್ರಸಾದವೆಂದು ಮೂಸಬಹುದಲ್ಲ?"

ಅದು ನನಗೂ ಗೊತ್ತಿದ್ದ ಮಾತೇ. ಉಸಿರು ಹಿಡಿದು ಹೂವನ್ನು ಕಿತ್ತು ನನ್ನ ಕೋಣೆಯ ಕೃಷ್ಣನ ಪಾದಕ್ಕಿಟ್ಟೆ, ಪ್ರಸಾದವಾಗಿ ತಿರುಗಿ ತೆಗೆದುಕೊಂಡೆ. ಬಹಳ ದಣಿದಿದ್ದೆ. ಒಂದು ರಾತ್ರಿ ನಿದ್ದೆ ಬಂದರೆ ಸಾಕೆನಿಸಿತ್ತು. ಹೂವು ಮೂಗಿನವರೆಗೂ ಬಂತು.

ಉಸಿರನ್ನು ಬಿಡದೆಯೇ ಅದನ್ನು ಕಣ್ಣಿಗೊತ್ತಿಕೊಂಡು, ಗೋಡೆಯ ಮೇಲಿದ್ದ ನನ್ನ ಹೆಂಡತಿ ಪದ್ಮಾವತಿಯ ಪಟಕ್ಕೆ ಮುಡಿಸಿದೆ.

"ಅಯ್ಯೋ ಅಜ್ಜಾ, ಮತ್ತೆ?" ಎಂದಳು ರೋಸಮ್ಮ.

"ಅವಳಿಗೆ ಮಲ್ಲಿಗೆ ಎಂದರೆ ಪ್ರಾಣ," ಎಂದೆ.

ಆಮೇಲೆ ಸೊಂಟ ಹಿಡಿದುಕೊಂಡು, ಗಿಡಕ್ಕೆ ನೀರು ತರಲು ಬಾವಿಯ ಕಡೆ ಹೊರಟೆ.