ಕಬಲೆಯ ಸರದಿ

"ಸರಿ, ಒಪ್ಪಿದವರು ಕೈ ಎತ್ತಿ" ಎಂದು ವಾರಿಯೊ ಅಂದದ್ದೇ ತಡ, ಹಲಕೆ ಎರಡೂ ಕೈ ಎತ್ತಿದ. ಬಾವಿಯ ಪಕ್ಕದ ಜಾಲಿಮರದ ನೆರಳಲ್ಲಿ ಕುಳಿತ ಗಂಡಸರೆಲ್ಲ ಗೊಳ್ಳೆಂದು ನಕ್ಕರು.

"ಒಂದು ಇಳಿಸೋ ಮಾರಾಯ! ಆಳಿಗೆ ಒಂದೇ ಕೈ" ಎಂದ ವಾರಿಯೊ. ಪೇಟೆಯಲ್ಲಿ ನಾಲ್ಕಕ್ಷರ ಕಲಿತು ಬಂದು, ಬಾವಿಯ ಹೊಸ ಕಮಿಟಿಗೆ ಅಧ್ಯಕ್ಷನಾದವನು ಅವನು.

"ನೀರೆತ್ತೋವಾಗ ಎರಡೂ ಕೊಡು ಅಂತೀರಿ, ಈಗ್ಯಾಕಪ್ಪ ಒಂದು?" ಎನ್ನುತ್ತ ಹಲಕೆ ಎಡಗೈ ಇಳಿಸಿದ. ತೀರ್ಮಾನ ಆಗಿಹೋಯಿತು. ಬಾವಿಯ ನೀರು ತಳ ಹಿಡಿದಿದೆ. ಇನ್ನು ಮೇಲೆ ಬಾವಿಯೊಳಗೆ ನಿಂತು ಕೈಯಿಂದ ಕೈಗೆ ನೀರೆತ್ತುವ ಸಾಲಿಗೆ ಆಳು ಕಳಿಸದ ಮನೆಯ ದನಕ್ಕೆ ಸರದಿ ಇಲ್ಲ. ಅಂಥ ಮನೆ ಇದ್ದದ್ದು ಒಂದೇ. ಗಂಡ ಸತ್ತ, ಮಕ್ಕಳಿಲ್ಲದ ಕಬಲೆಯದು. ಅವಳ ಹೆಸರನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಕೈ ಎತ್ತದೆ ಕುಳಿತವನು ಮುದುಕ ಜಲ್ದೇಸ ಒಬ್ಬನೇ. ಯಾವ ದನ ಯಾವಾಗ ಕುಡಿಯಬೇಕೆಂದು ಹೇಳುವವನು ಅವನು. ಊರು ಅವನನ್ನು ಸರದಿಯಪ್ಪ ಎಂದೇ ಕರೆಯುತ್ತಿತ್ತು.

"ಬಾವಿಗೆ ಬಂದ ಬಾಯಿಗೆ ಇಲ್ಲ ಅನ್ನಬಾರದು. ಆಳಿಲ್ಲದವರ ದನ ಮೊದಲು ಕುಡೀಬೇಕು. ಇದು ಕಟ್ಟಳೆ" ಎಂದ ಜಲ್ದೇಸ. "ಕೈ ಎಣಿಸಿ ಮಾಡಿದ್ದಲ್ಲ ಇದು, ಕೈ ಎಣಿಸಿ ಮುರಿಯೋಕೂ ಬರಲ್ಲ."

"ಕಾಲ ಬದಲಾಯ್ತು ಅಜ್ಜ. ಈಗ ಪ್ರಜಾಪ್ರಭುತ್ವ. ಹೆಚ್ಚು ಜನ ಹೇಳಿದ್ದೇ ಕಟ್ಟಳೆ" ಎಂದ ವಾರಿಯೊ.

"ಪೇಟೆ ಕಚೇರಿಯ ತಗಡಿನ ಬೋರ್ಡಿನ ಮೇಲೆ ಅದೊಂದೇ ಬರೆದಿಲ್ಲ, ಪಕ್ಕದಲ್ಲೇ ಗಣರಾಜ್ಯ ಅಂತಾನೂ ಇದೆ ಅಂತ ನೀನೇ ಓದಿ ಹೇಳಿದ್ದೆಯಲ್ಲೋ. ಅದೇನು ಹಾಗಾದ್ರೆ?"

"ಎರಡೂ ಒಂದೇ. ಹೆಸರು ಉದ್ದ ಇದ್ರೆ ಗತ್ತು ಅಂತ ಬರೀತಾರೆ."

ಮತ್ತೆ ನಕ್ಕರು. ಒಂದೇ ಹಸುವಿಗೆ ಎರಡು ಹೆಸರಿಟ್ಟವರನ್ನು ಜಲ್ದೇಸ ತನ್ನ ಜೀವಮಾನದಲ್ಲಿ ಕಂಡಿರಲಿಲ್ಲ. ಹಿಂದೆಲ್ಲ ಒಬ್ಬನೇ ಒಬ್ಬ ಒಲ್ಲೆ ಎಂದು ತಲೆಯಾಡಿಸಿದರೂ ಮಾತು ಮುಗಿಯುತ್ತಿರಲಿಲ್ಲ. ಬೆಣ್ಣೆಯಲ್ಲಿ ಮತ್ತೆ ಕಾಫಿಬೀಜ ಹುರಿದು ಹಂಚಿಕೊಂಡು, ಅವನು ಮಣಿಯುವವರೆಗೆ, ಇಲ್ಲವೇ ತಾವು ಮಣಿಯುವವರೆಗೆ ಕೂರುತ್ತಿದ್ದರು. ಈಗ ಎಲ್ಲರೂ ಎದ್ದು ಮಣ್ಣು ಕೊಡವಿಕೊಂಡರು.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಕಬಲೆ ದನ ಹೊಡೆದುಕೊಂಡು ಬಂದಳು. ಅಂದು ಅವಳ ಸರದಿ. ಅವಳಿಗಿಂತ ಮೊದಲು ಹಸುಗಳೇ ಓಡಿಬಂದು, ಹಿಂದಿನ ದನ ಕುಡಿದು ಬರಿದಾಗಿದ್ದ ಮಣ್ಣಿನ ತೊಟ್ಟಿಗೆ ಮೂತಿ ಇಟ್ಟವು. ಬಾವಿಯೊಳಗೆ ನೀರೆತ್ತುವವರ ಹಾಡು ನಿಂತಿತು. ಜಲ್ದೇಸ ಎದುರು ಹೋಗಿ ವಿಷಯ ಹೇಳಿದ.

"ಯಾರು ಹೇಳಿದ್ದು?"

"ಎಲ್ಲರೂ."

"ಎಲ್ಲರಲ್ಲಿ ನಾನಿಲ್ವಾ ಸರದಿಯಪ್ಪ?"

ಜಲ್ದೇಸ ತೊಟ್ಟಿಯ ಕಡೆ ತಿರುಗಿದ. ಅವಳ ಕೆಂಪು ಹಸುವಿನ ಕರು ಒಣತೊಟ್ಟಿಯ ತಳ ನೆಕ್ಕುತ್ತಿತ್ತು. ಇನ್ನೊಂದು ಬಾವಿಗೆ ಎರಡು ಹಗಲಿನ ದಾರಿ. ಆ ಕರು ನಡೆಯುವ ದಾರಿಯಲ್ಲ.

ಜಲ್ದೇಸ ಕೋಲು ಅಲ್ಲೇ ಬಿಟ್ಟು ಬಾವಿಗೆ ಇಳಿದ. ಗೋಡೆಯ ಮೆಟ್ಟಿಲು ಮೆಟ್ಟಿಲಿಗೆ ನಿಂತಿದ್ದ ಆಳುಗಳು ಅತ್ತಿತ್ತ ಸರಿದು ದಾರಿ ಕೊಟ್ಟರು. ತಳದಲ್ಲಿ ತೊಗಲಿನ ಕೊಡ ತುಂಬಿ, ಮುದಿ ತೋಳುಗಳಲ್ಲಿ ತಲೆಯ ಮೇಲಕ್ಕೆ ಎತ್ತಿ ಹಿಡಿದ. ಮೇಲಿನ ಮೆಟ್ಟಿಲಲ್ಲಿ ನಿಂತವನು ಹಲಕೆ. ಅವನ ಎರಡೂ ಕೈ ಕಂಕುಳಲ್ಲಿ ಸೇರಿದ್ದವು.

"ಹಿಡಿಯೋ ಹಲಕೆ."

"ಬೇಡ ಅಜ್ಜ. ಬೆಳಗ್ಗೆ ಕೈ ಎತ್ತಿ ಈಗ ಕೈ ಚಾಚಿದ್ರೆ ನಾಲ್ಕು ಜನ ಏನಂತಾರೆ?"

ಕೊಡ ಎಷ್ಟು ಹೊತ್ತು ನಿಂತೀತು? ವಾಲಿತು. ನೀರು ಜಲ್ದೇಸನ ತಲೆ, ಗಡ್ಡ, ಎದೆಯ ಮೇಲೆ ಸುರಿದು, ಬಂದ ಕಡೆಗೇ ಹೋಯಿತು.

ತೊಯ್ದು ಮೇಲೆ ಬಂದವನನ್ನು ಕಬಲೆ ಅಡಿಯಿಂದ ಮುಡಿಯವರೆಗೆ ನೋಡಿದಳು. "ಈಗಷ್ಟೇ ಇವರು ಹೇಳಿದರು, ನೀನು ಕೈ ಎತ್ತಲಿಲ್ಲವಂತೆ. ಒಳ್ಳೇದು. ನಿನಗೆ ಪುಣ್ಯ ಬಂತು, ನನ್ನ ಕರುವಿಗೆ ನೀರು ಬರಲಿಲ್ಲ" ಎಂದು ದನ ತಿರುಗಿಸಿದಳು. ಕೆಂಪು ಹಸು ಮಾತ್ರ ಏಟು ಬಿದ್ದರೂ ತೊಟ್ಟಿ ಬಿಟ್ಟು ಕದಲದೆ ಸತಾಯಿಸಿತು. ಕೊನೆಗೆ ಅವಳು ಕರುವನ್ನು ಹೆಗಲ ಮೇಲೆ ಹೊತ್ತುಕೊಂಡು ಮುಂದೆ ನಡೆದಳು. ಆಗ ಅದೂ ಹಿಂದೆ ಹೋಯಿತು. ಬಾವಿಯೊಳಗೆ ಹಾಡು ಮತ್ತೆ ಶುರುವಾಯಿತು.

ಒಂದು ಮನೆಯ ನೀರು ಉಳಿದರೂ ಬಾವಿಗೆ ಸಾಲಲಿಲ್ಲ. ಅಂದೇ ಸಂಜೆ, ದನ ದೊಡ್ಡಿಗೆ ಸೇರುವ ಹೊತ್ತಿಗೆ ಹಲಕೆ, ಬೆಣ್ಣೆಯಲ್ಲಿ ಹುರಿದ ಕಾಫಿಬೀಜವನ್ನು ಮರದ ಬಟ್ಟಲಲ್ಲಿ ಹಿಡಿದು, ಜಲ್ದೇಸನ ಗುಡಿಸಲ ಮುಂದೆ ಬಂದು ಕುಳಿತ. ಬಟ್ಟಲು ಮುಂದಕ್ಕೆ ತಳ್ಳಿದ. ಮುದುಕ ಮುಟ್ಟಲಿಲ್ಲ.

"ನಾಳೆ ಮತ್ತೆ ಕೂರ್ತಾರಂತೆ ಅಜ್ಜ. ಇಬ್ಬರು ಆಳು ಕಳಿಸದ ಮನೆಗೆ ಸರದಿ ಇಲ್ಲ ಅಂತ ಮಾಡ್ತಾರಂತೆ." ಅವನು ಬಟ್ಟಲನ್ನು ಇನ್ನಷ್ಟು ಮುಂದೆ ತಳ್ಳಿದ. "ನನ್ನ ಮನೇಲಿ ನಾನೊಬ್ಬನೇ ಅಲ್ವಾ?"

"ಹೌದು."

"ಬೆಳಗ್ಗೆ ನೀನು ಹೇಳಿದೆಯಲ್ಲ, ಆ ಕಟ್ಟಳೆ... ಬಾವಿಗೆ ಬಂದ ಬಾಯಿಗೆ ಇಲ್ಲ ಅನ್ನಬಾರದು ಅನ್ನೋದು. ನಾಳೆ ಅದನ್ನ ಒಂಚೂರು ಗಟ್ಟಿಯಾಗಿ ಹೇಳಜ್ಜ."

ಕಬಲೆ ಹೋದ ದಾರಿಯಲ್ಲಿ ಧೂಳು ಆಗಲೇ ಅಡಗಿತ್ತು. ಜಲ್ದೇಸ ಅತ್ತ ನೋಡಿದ.

"ಹೇಳ್ತೀನಪ್ಪ, ಹೇಳೋಕೇನು" ಎಂದ. "ನೀನು ಎಷ್ಟು ಕೈ ತರ್ತೀಯ?"

ಹಲಕೆ ತನ್ನೆರಡು ಅಂಗೈಗಳನ್ನು ತೊಡೆಯ ಮೇಲೆ ಬಿಡಿಸಿ ಇಟ್ಟುಕೊಂಡು, ಯಾರೋ ಬಿಟ್ಟುಹೋದ ವಸ್ತುವಿನಂತೆ ನೋಡತೊಡಗಿದ.