ಸಾವಿನ ಮನೆಯ ದನಿ

ದೊಡ್ಡರಂಗಪ್ಪನ ಮಗಳು ವನಜಾಕ್ಷಿಗೆ ಅರಿಶಿನ ಹಚ್ಚುವ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ರಾಜಲಕ್ಷ್ಮಮ್ಮ ಚಪ್ಪರದೊಳಗೆ ಬಂದು, ಯಾರೂ ಕರೆಯದೆಯೇ, ಹಸೆಮಣೆಯ ಎದುರಿಗೆ ಕೂತುಬಿಟ್ಟಳು. ಅರಿಶಿನದ ಬಟ್ಟಲು ಹಿಡಿದಿದ್ದ ತಾಯಿ ಸರೋಜಮ್ಮನ ಮುಖ ಸಣ್ಣಗಾಯಿತು.

ರಾಜಲಕ್ಷ್ಮಮ್ಮ ಗಂಡ ಸತ್ತವಳು. ಕೊಳಾಲದ ಸುತ್ತ ಎಲ್ಲಿ ಹೆಣ ಬಿದ್ದರೂ ಭಜನೆಗೆ ಅವಳೇ ಬೇಕು, ಶುಭಕಾರ್ಯಕ್ಕೆ ಮಾತ್ರ ಬೇಡ. ಹಗಲಲ್ಲಿ ಅವಳ ದನಿ ಕೇಳಿದರೆ ಸಾಕು, ಯಾರು ಹೋದರು ಎಂದು ಊರು ವಿಚಾರಿಸುತ್ತಿತ್ತು. ಹಾಡುವಷ್ಟು ಹೊತ್ತು ಖಾಲಿ ಮನೆ, ಮೈದುನನ ಕೋರ್ಟು ಜಗಳ, ಒಬ್ಬಳಿಗೇ ತೊಳಸುವ ಮುದ್ದೆ ಯಾವುದೂ ಅವಳಿಗೆ ನೆನಪಿರುತ್ತಿರಲಿಲ್ಲ. ಆದರೆ ಮೊನ್ನೆ ಮುದುಕ ಸಣ್ಣರಂಗಯ್ಯನಿಗೆ ಉಬ್ಬಸ ಜಾಸ್ತಿಯಾಗಿದೆ ಎಂದು ಕೇಳಿದಾಗ ಅವಳ ಮನಸ್ಸು ಒಂದು ಗಳಿಗೆ ಹಿಗ್ಗಿತು. ಹಾಡುವ ಆಸೆಗೆ ತಾನು ಸಾವು ಕಾಯುತ್ತಿದ್ದೇನೆ ಎಂದು ಹೊಳೆದು ಹೇಸಿಗೆಯಾಯಿತು. ಇನ್ನು ಮದುವೆ ಮನೆಯಲ್ಲೂ ಹಾಡುವುದೇ ಸರಿ ಎಂದು ಅವತ್ತೇ ತೀರ್ಮಾನ ಮಾಡಿದ್ದಳು.

"ಅಕ್ಕಾ, ಅಡಿಗೆ ಕಡೀಕೆ ಬಾ. ಜನ ನೋಡ್ತವ್ರೆ," ಸರೋಜಮ್ಮ ಮೆಲ್ಲಗೆ ಅಂದಳು.

"ನೋಡ್ಲಿ ಬುಡು. ನಾನು ಸೋಬಾನೆ ಹಾಡಾಕೆ ಬಂದಿವ್ನಿ."

"ಮೊಬೈಲ್ನಾಗೆ ಹಾಡು ಹಾಕಿದ್ದೀವಲ್ಲಕ್ಕ."

"ಆ ಮೊಬೈಲಿಗೆ ನಿನ್ ಮಗಳ ಹೆಸರು ಗೊತ್ತೇನೆ?"

ಸರೋಜಮ್ಮ ತಡವರಿಸಿದಳು. "ಹೆಂಗ್ ಹೇಳ್ಲಿ... ಸಾವಿನ ಮನ್ಯಾಗೆ ಹಾಡೋ ಬಾಯಿ..."

"ನೀನು ಸೊಸೆಯಾಗಿ ಬಂದಾಗ ಮನೆ ತುಂಬಿಸ್ಕಂಡಿದ್ದೂ ಇದೇ ಬಾಯಿ ಕಣಮ್ಮ. ಆಗ ನಮ್ಮೆಜಮಾನ್ರು ಬದುಕಿದ್ರು, ಅಷ್ಟೇಯ."

ವನಜಾಕ್ಷಿ ಕೈ ಚಾಚಿ ಮೊಬೈಲ್ ಆರಿಸಿದಳು.

ರಾಜಲಕ್ಷ್ಮಮ್ಮ ಶುರು ಮಾಡಿದಳು. ಮೊದಲ ಸಾಲು ಅಭ್ಯಾಸಬಲದಿಂದ ಭಜನೆಯ ಧಾಟಿಗೇ ಎಳೆಯಿತು. ನಿಲ್ಲಿಸಿದಳು, ನೀರು ಕುಡಿದಳು, ಮತ್ತೆ ಎತ್ತಿಕೊಂಡಳು. ಹುಡುಗಿಯ ಹೆಸರು, ತಾಯಿಯ ಹೆಸರು, ಊರಿನ ಹೆಸರು ಒಂದೊಂದಾಗಿ ಪದದೊಳಗೆ ಬಂದವು. ಸೋಬಾನೆ ಎಂದು ದನಿಗೂಡಿಸಲು ಯಾರೂ ಬಾಯಿ ಬಿಡಲಿಲ್ಲ. ಅದನ್ನೂ ಅವಳೇ ಹಾಡಿಕೊಂಡಳು.

ಅಷ್ಟರಲ್ಲಿ ಬೀದಿಯಲ್ಲಿ ಕೋಲಿನ ಸದ್ದಾಯಿತು. ಸಣ್ಣರಂಗಯ್ಯ ಏದುಸಿರು ಬಿಡುತ್ತಾ ಬಂದು ಚಪ್ಪರದ ಕಂಬ ಹಿಡಿದು ನಿಂತ.

"ಯಾರಮ್ಮಾ ಹೋಗಿದ್ದು?"

ಹಾಡು ನಿಲ್ಲಲಿಲ್ಲ. ಸರೋಜಮ್ಮ ಬಟ್ಟಲಿಗೆ ಕೈ ಅದ್ದಿ ಮಗಳ ಕೆನ್ನೆಗೆ ಅರಿಶಿನ ಹಚ್ಚಿದಳು.

"ಯಾರೂ ಹೋಗಿಲ್ಲ ಕಣ್ ಮಾವ," ಅಂದಳು. "ನಮ್ ಲಕ್ಷ್ಮಕ್ಕ ಬಂದವ್ಳೆ."